ತಣ್ಣೀರಿನ ನಾಯಿ, ಗಣಿಯೂರಿನ ಬಿಸಿಲು

ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿದ್ದು 1902ರಲ್ಲಿ. ಮರುವರ್ಷವೇ ಬ್ರಿಟನ್ನಿನ ಕೆನೆಲ್ ಕ್ಲಬ್ ಲ್ಯಾಬ್ರಡಾರನ್ನು ಪ್ರತ್ಯೇಕ ತಳಿಯೆಂದು ಒಪ್ಪಿಕೊಂಡಿತು. ಹೆಸರು ಏನೇ ಇರಲಿ, ಇದರ ಮೂಲ ಪಕ್ಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಬೆಸ್ತರ ಜೊತೆ ದೋಣಿಯೇರಿ, ಕೊರೆಯುವ ನೀರಿಗೆ ಧುಮುಕಿ ಬಲೆ ಎಳೆಯುತ್ತಿದ್ದ ನಾಯಿಗಳ ಸಂತಾನವಿದು. ಇಂಗ್ಲೆಂಡು, ಸ್ಕಾಟ್ಲೆಂಡುಗಳ ಜಮೀನ್ದಾರರು ಬೇಟೆಗಾಗಿ ಸಾಕಿ ತಳಿ ಉಳಿಸಿದರು. ನೀರಿಳಿಯದ ಎರಡು ಪದರದ ಕೂದಲು ಆ ಕಡಲಿನ ಬಳುವಳಿ.

ಮಾರಿಕುಪ್ಪಂನ ಶೀಟಿನ ಸೂರಿನಡಿ, ಏಪ್ರಿಲ್ ಮಧ್ಯಾಹ್ನ, ಅದೇ ಕೂದಲು ಕಂಬಳಿ! ನಾಯಿ ಮೈಯೆಲ್ಲ ಬೆವರುವುದಿಲ್ಲ. ಏದುಸಿರೇ ಅದರ ಫ್ಯಾನು. ನಡುಬಿಸಿಲಲ್ಲಿ ಓಡಿಸಿದರೆ ಜೀವಕ್ಕೇ ಅಪಾಯ. ಅಡ್ಡಾಟ ಬೆಳಗ್ಗೆ, ಸಂಜೆ ಮಾತ್ರ. ನೆರಳು, ನೀರು ಸದಾ ಇರಬೇಕು.

ಇನ್ನು ಹೊಟ್ಟೆಬಾಕತನ. ಬೈದು ಫಲವಿಲ್ಲ. ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವು ಹೆಚ್ಚಿಸುವ ವಂಶವಾಹಿ ದೋಷವಿದೆಯೆಂದು ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಮುಖ ನೋಡಿ ಮನೆಮಂದಿಯೆಲ್ಲ ಬಿಸ್ಕತ್ತು ಎಸೆದರೆ ಮೈ ಬೆಳೆದು ಕೀಲು ಕೆಡುತ್ತದೆ. ಊಟವನ್ನು ಒಬ್ಬರೇ, ಅಳೆದು ಹಾಕಬೇಕು.