ಗಾನವಿನೋದವೂ ಮಲ್ಲವಿನೋದವೂ

ಸಂಗೀತಗಾರನು ಸುಕುಮಾರನು, ಮಲ್ಲನು ಒರಟನು, ಒಬ್ಬನ ವಿದ್ಯೆಗೂ ಮತ್ತೊಬ್ಬನ ವಿದ್ಯೆಗೂ ನಂಟಿಲ್ಲವೆಂಬ ಎಣಿಕೆಯು ನಮ್ಮ ಜನರಲ್ಲಿ ಬೇರೂರಿರುವುದು. ಕನ್ನಡನಾಡಿನ ಚರಿತ್ರೆಯನ್ನು ನೋಡಿದವರು ಈ ಎಣಿಕೆಯನ್ನು ಒಪ್ಪಲಾರರು.

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಕ್ರಿ. ಶ. 1126ರ ಸುಮಾರಿನಲ್ಲಿ ಪಟ್ಟವೇರಿದನು. ‘ಸರ್ವಜ್ಞ’, ‘ಭೂಲೋಕಮಲ್ಲ’ ಎಂಬಿವು ಆತನ ಬಿರುದುಗಳು. 1129ರ ಹೊತ್ತಿಗೆ ಆತನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ‘ಅಭಿಲಷಿತಾರ್ಥಚಿಂತಾಮಣಿ’ಯೆಂಬ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ನೂರು ಅಧ್ಯಾಯಗಳ ಈ ಗ್ರಂಥದ ನಾಲ್ಕನೆಯ ಭಾಗದಲ್ಲಿ ಅರಸನಿಗೆ ತಕ್ಕ ವಿನೋದಗಳು ವರ್ಣಿತವಾಗಿವೆ. ಶಸ್ತ್ರವಿನೋದ, ಮಲ್ಲವಿನೋದ, ಗೀತವಿನೋದ, ವಾದ್ಯವಿನೋದ ಇವೆಲ್ಲವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ಸೋಮೇಶ್ವರನ ಸಂಗೀತಜ್ಞಾನವು ಅರಸನೆಂಬ ಕಾರಣಕ್ಕೆ ಹೊಗಳಿಸಿಕೊಂಡದ್ದೆಂದು ತಿಳಿಯಬಾರದು. ಹದಿಮೂರನೆಯ ಶತಮಾನದಲ್ಲಿ ‘ಸಂಗೀತರತ್ನಾಕರ’ವನ್ನು ಬರೆದ ಶಾರ್ಙ್ಗದೇವನು ತನಗಿಂತ ಹಿಂದಿನ ಶಾಸ್ತ್ರಕಾರರನ್ನು ಸ್ಮರಿಸುವಾಗ ಸೋಮೇಶ್ವರನನ್ನೂ ಹೆಸರಿಸಿದ್ದಾನೆ. ಆತನ ಮಗನಾದ ಜಗದೇಕಮಲ್ಲನು ‘ಸಂಗೀತಚೂಡಾಮಣಿ’ಯ ಕರ್ತೃವು. ಹೆಸರಿನಲ್ಲಿ ಮಲ್ಲರಾಗಿ, ವಿದ್ಯೆಯಲ್ಲಿ ಗಾಂಧರ್ವಜ್ಞರಾದ ತಂದೆಮಕ್ಕಳಿವರು. ಆದರೆ ಆಹವಮಲ್ಲ, ತ್ರಿಭುವನಮಲ್ಲ ಮೊದಲಾದ ಬಿರುದುಗಳು ಈ ವಂಶದಲ್ಲಿ ಪರಂಪರೆಯಾಗಿ ಬಂದವು. ಬಿರುದಿನ ಬಲದಿಂದಲೇ ಅರಸನು ಅಖಾಡಕ್ಕಿಳಿದನೆಂದು ಹೇಳಲಾಗದು. ಆತನ ಮಲ್ಲಪ್ರೇಮಕ್ಕೆ ಸಾಕ್ಷಿಯನ್ನು ಗ್ರಂಥದೊಳಗೆ ಹುಡುಕಬೇಕು.

ಆ ಸಾಕ್ಷಿಯು ಹೇರಳವಾಗಿದೆ. ಮಲ್ಲರನ್ನು ವಯಸ್ಸು, ದೇಹ, ಬಲಗಳಿಗನುಸಾರವಾಗಿ ವಿಂಗಡಿಸುವ ಬಗೆ, ಅವರಿಗೆ ಕೊಡಬೇಕಾದ ಹಾಲು, ಮೊಸರು, ತುಪ್ಪ, ಮಾಂಸಾದಿ ಆಹಾರ, ಭಾರವನ್ನೆತ್ತುವುದು, ನಡೆಯುವುದು, ಈಜುವುದು, ಕಂಬವನ್ನೇರಿ ಸಾಧನೆಮಾಡುವುದು ಇವೆಲ್ಲವನ್ನೂ ಸೋಮೇಶ್ವರನು ವಿವರಿಸುತ್ತಾನೆ. ಇಂದು ಮಲ್ಲಕಂಬವೆಂದು ಹೆಸರಾಗಿರುವ ವಿದ್ಯೆಯ ಪ್ರಾಚೀನ ಉಲ್ಲೇಖವೆಂದು ವಿದ್ವಾಂಸರು ಎತ್ತಿತೋರಿಸುವುದು ಈ ಅಧ್ಯಾಯವನ್ನೇ.

ಇದಕ್ಕೆ ಹೋಲಿಸಿ ನೋಡತಕ್ಕ ಉದಾಹರಣೆಯೊಂದು ನಮಗೆ ಸಮೀಪದ ಕಾಲದಲ್ಲಿ, ದೂರದ ಅಮೆರಿಕದಲ್ಲಿ ದೊರೆಯುತ್ತದೆ. ಲೋಕಪ್ರಖ್ಯಾತ ಗಾಯಕನಾದ ಎಲ್ವಿಸ್ ಪ್ರೆಸ್ಲಿಯು (1935–1977) ಸೈನಿಕನಾಗಿ ಜರ್ಮನಿಯಲ್ಲಿದ್ದಾಗ ಯೂರ್ಗನ್ ಸೈಡೆಲನಿಂದ ಕರಾಟೆಯ ಪಾಠವನ್ನು ಹೇಳಿಸಿಕೊಂಡನು. 1960ರಲ್ಲಿ ಕಪ್ಪು ಪಟ್ಟಿಯನ್ನು ಪಡೆದನು. ಮುಂದೆ ಎಡ್ ಪಾರ್ಕರ್, ಕೊರಿಯಾ ದೇಶದಿಂದ ಬಂದು ಮೆಂಫಿಸ್ ನಗರದಲ್ಲಿ ನೆಲಸಿದ ಕಾಂಗ್ ರೀ ಇವರಲ್ಲಿಯೂ ಅಭ್ಯಾಸವನ್ನು ಮುಂದುವರಿಸಿದನು. 1970ರ ನಂತರದ ಕಚೇರಿಗಳಲ್ಲಿ ಹಾಡಿನ ನಡುನಡುವೆ ಆತನು ಕರಾಟೆಯ ವರಸೆಗಳನ್ನು ತೋರುತ್ತಿದ್ದನು. ಆತನು ತೊಟ್ಟ ಅಂಗಿ, ಕಟ್ಟಿದ ಪಟ್ಟಿ, ರುಜು ಹಾಕಿದ ಪತ್ರ, ಭಾವಚಿತ್ರಗಳನ್ನು ಅಭಿಮಾನಿಗಳು ಇಂದಿಗೂ ಹರಾಜಿನಲ್ಲಿ ಕೊಳ್ಳುತ್ತಾರೆ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ದರ್ಜೆಯನ್ನು ಕೊಡುವ ಪದ್ಧತಿಯನ್ನು ಜೂಡೋವಿನಲ್ಲಿ ಕಾನೋ ಜಿಗೊರೋ 1883ರಲ್ಲಿ ಆರಂಭಿಸಿದನು. ಫುನಾಕೋಶಿ ಗಿಚಿನ್ 1924ರಲ್ಲಿ ಕರಾಟೆಗೆ ಅದನ್ನು ತಂದನು. ಅರ್ಹತಾಪತ್ರದಲ್ಲಿ ಬೆಲೆಯುಳ್ಳದ್ದು ಗುರುವಿನ ರುಜು. ಶಿಷ್ಯನು ಪರೀಕ್ಷೆಯಲ್ಲಿ ನಿಂತನೆಂಬುದಕ್ಕೆ ಅದು ಪ್ರಮಾಣ. ಪ್ರಖ್ಯಾತ ಗಾಯಕನ ಪತ್ರವು ಹರಾಜಿಗೆ ಬಂದಾಗ ಮಾತ್ರ ಕೊಳ್ಳುವವನ ಕಣ್ಣು ಶಿಷ್ಯನ ಹೆಸರನ್ನು ಹುಡುಕುತ್ತದೆ. ಗುರುವಾರು, ವಿದ್ಯೆಯೆಷ್ಟು ಎಂಬುದನ್ನು ಕೇಳುವವರು ವಿರಳ. ಆ ಪತ್ರದಿಂದ ವರಸೆಯೊಂದನ್ನಾದರೂ ಕಲಿಯುವಂತಿಲ್ಲ.

ಸೋಮೇಶ್ವರನು ಬಿಟ್ಟುಹೋದ ಕುರುಹು ಬೇರೆ ಬಗೆಯದು. ಆತನ ಅರಮನೆ ಉಳಿಯಲಿಲ್ಲ. ಆತನ ಕಣ್ಣೆದುರಿಗೆ ಹೋರಾಡಿದ ಮಲ್ಲರ ಹೆಸರುಗಳನ್ನು ಬಲ್ಲವರಿಲ್ಲ. ಆದರೂ ಅವರ ಆಹಾರವೂ ಸಾಧನೆಯೂ ನಮಗೆ ತಿಳಿದಿವೆ. ಅದರ ಪ್ರಥಮ ಸಂಪುಟವು 1925ರಲ್ಲಿ ಬರೋಡೆಯಲ್ಲಿ ಅಚ್ಚಾದ ಬಳಿಕ ಈ ಗ್ರಂಥವು ಓದಬಲ್ಲವರೆಲ್ಲರ ಕೈಗೆ ಎಟುಕತೊಡಗಿತು. ಒಡೆಯನ ಹೆಸರನ್ನಷ್ಟೇ ಹೊತ್ತ ವಸ್ತುವಿಗಿಂತ ವಿದ್ಯೆಯನ್ನೇ ಹೊತ್ತ ಬರೆಹವು ಹೆಚ್ಚಿನ ಸ್ಮಾರಕವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಚಾಂಪಿಯನ್ ರೀಫ್ಸ್‌ನ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿನ್ನವನ್ನು ಮೊದಲು ಪರೀಕ್ಷಿಸಿ ಬಳಿಕ ಮುದ್ರೆಯೊತ್ತುವರೆಂಬುದನ್ನು ಇಲ್ಲಿನ ಮಕ್ಕಳೂ ಬಲ್ಲರು. 2001ರಲ್ಲಿ ಗಣಿಗಳು ಮುಚ್ಚಿದುವು. ಹತ್ತು ಸಾವಿರ ಅಡಿಗೂ ಮಿಗಿಲಾದ ಆಳಕ್ಕಿಳಿದು ದುಡಿದವರ ಮನೆಗಳಲ್ಲಿ ಹಳೆಯ ಚಿತ್ರಗಳೂ ಪತ್ರಗಳೂ ಉಳಿದಿದ್ದರೆ ಅವನ್ನು ಕಾಪಾಡುವುದು ಯುಕ್ತವೇ ಸರಿ. ಅದರೊಡನೆ, ಬಂಡೆಯ ಸದ್ದನ್ನು ಕೇಳಿ ಅಪಾಯವನ್ನರಿಯುವ ಬಗೆ, ಗರಡಿಯ ಮಣ್ಣನ್ನು ಹದಗೊಳಿಸುವ ಬಗೆ, ಭಜನೆಯ ಮಟ್ಟುಗಳು ಇವನ್ನು ಬಲ್ಲ ಹಿರಿಯರಿರುವಾಗಲೇ ಕೇಳಿ ಬರೆದಿಡುವುದು ಅವಶ್ಯಕ. ಬರೆದ ಹಾಳೆಯ ಕೊನೆಯಲ್ಲಿ ಹೇಳಿದವರ ರುಜುವನ್ನೂ ಹಾಕಿಸಿಕೊಳ್ಳೋಣ. ಅಂಥ ರುಜುವಿನ ಮೇಲ್ಗಡೆ ಓದತಕ್ಕದ್ದೇನಾದರೂ ಇರುವುದು.