ಕಾರಾಪುರದ ಸಾಬು, ಹಾಲಿವುಡ್ಡಿನ ಭಾರತೀಯರು

ನಮ್ಮ ವಯನಾಡಿನಲ್ಲಿ ಹುಟ್ಟುವ ಕಬಿನಿ ಮೈಸೂರು ಸೀಮೆಗೆ ಇಳಿದ ಮೇಲೆ ಅದರ ದಂಡೆಯಲ್ಲಿ ಕಾರಾಪುರ ಎಂಬ ಊರು ಸಿಗುತ್ತದೆ. ಹಾಲಿವುಡ್ಡಿನಲ್ಲಿ ಹೆಸರು ಮಾಡಿದ ಮೊದಲ ಭಾರತೀಯರಲ್ಲಿ ಒಬ್ಬನಾದ ಸಾಬು ಹುಟ್ಟಿದ್ದು ಅಲ್ಲಿ, 1924ರಲ್ಲಿ, ಒಬ್ಬ ಮಾವುತನ ಮಗನಾಗಿ.

ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಮೈಸೂರು ಮಹಾರಾಜರ ಆನೆಗಳ ನಡುವೆ ಬೆಳೆದ. ಕಿಪ್ಲಿಂಗರ ಕಥೆಯೊಂದನ್ನು ಸಿನಿಮಾ ಮಾಡಲು ಮೈಸೂರಿಗೆ ಬಂದಿದ್ದ ರಾಬರ್ಟ್ ಫ್ಲಾಹರ್ಟಿಯವರ ತಂಡದ ಕಣ್ಣಿಗೆ ಬಿದ್ದ. ಆ 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಿತು. 'ದಿ ಥೀಫ್ ಆಫ್ ಬಾಗ್ದಾದ್' (1940) ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧದ ಕಾರಣ ಹಾಲಿವುಡ್ಡಿನಲ್ಲಿ ಮುಗಿಯಿತು. ಸಾಬು ಅಮೆರಿಕದಲ್ಲೇ ನೆಲೆನಿಂತು, 1942ರ 'ಜಂಗಲ್ ಬುಕ್'ನಲ್ಲಿ ಮೋಗ್ಲಿಯಾದ.

ಆ ಚಿತ್ರದ ಪಾತ್ರವರ್ಗ ನೋಡಿ. ಮೋಗ್ಲಿ ನಮ್ಮವನು. ಅವನ ತಾಯಿ ಮೆಸ್ಸುವಾ ಆಗಿ ನಟಿಸಿದವರು ಬಿಳಿಯ ಅಮೆರಿಕನ್ ನಟಿ ರೋಸ್ಮರಿ ಡಿಕ್ಯಾಂಪ್. ಬೇಟೆಗಾರ ಬುಲ್ದೇವ್ ಆಗಿ ಬಂದವರು ಮಾಲ್ಟಾ ದ್ವೀಪದ ಜೋಸೆಫ್ ಕಲೇಯಾ. ಕಾಡಿನ ಹುಡುಗನಾಗಲು ಭಾರತೀಯ ಬೇಕಿತ್ತು; ಊರಿನ ದೊಡ್ಡವರಾಗಲು ಬಿಳಿಯರು ಬಣ್ಣ ಬಳಿದುಕೊಂಡರೆ ಸಾಕಿತ್ತು.

ಪ್ರೇಮಕಥೆಯಾದರೆ ಬಾಗಿಲು ಇನ್ನೂ ಬಿಗಿ. 'ದಿ ರೈನ್ಸ್ ಕೇಮ್' (1939) ಚಿತ್ರದಲ್ಲಿ ಇಂಗ್ಲಿಷ್ ಮಹಿಳೆಯೊಬ್ಬಳು ಭಾರತೀಯ ವೈದ್ಯನನ್ನು ಪ್ರೀತಿಸುತ್ತಾಳೆ. ಆ ವೈದ್ಯ ಟೈರೋನ್ ಪವರ್. ಅದೇ ಕಥೆ 1955ರಲ್ಲಿ 'ದಿ ರೈನ್ಸ್ ಆಫ್ ರಾಂಚಿಪುರ್' ಆದಾಗ ವೈದ್ಯ ರಿಚರ್ಡ್ ಬರ್ಟನ್. ಆ ವರ್ಷ ಸಾಬು ಅವರಿಗೆ 31 ವಯಸ್ಸು.

ಇದರ ಹಿಂದೆ ಒಂದು ಲಿಖಿತ ನಿಯಮವೂ ಇತ್ತು. 1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ಹಾಲಿವುಡ್ಡಿನ ನಿರ್ಮಾಣ ಸಂಹಿತೆ ಬಿಳಿಯರ ಮತ್ತು ಕಪ್ಪು ಜನರ ನಡುವಿನ ಪ್ರಣಯವನ್ನು ತೋರಿಸಬಾರದು ಎಂದಿತ್ತು. ಏಷ್ಯಾದವರಿಗೂ ಅದರ ಬಿಸಿ ತಟ್ಟಿತು. ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಚೀನೀ ಮೂಲದ ನಟಿ ಅನ್ನಾ ಮೇ ವಾಂಗ್ ಅವರಿಗೆ 'ದಿ ಗುಡ್ ಅರ್ತ್' (1937) ಚಿತ್ರದ ಚೀನೀ ನಾಯಕಿಯ ಪಾತ್ರ ಸಿಗಲಿಲ್ಲ. ಗಂಡನ ಪಾತ್ರಧಾರಿ ಬಿಳಿಯನಾಗಿದ್ದ. ಆ ಪಾತ್ರ ಮಾಡಿದ ಲೂಯಿಸ್ ರೈನರ್ ಆಸ್ಕರ್ ಪಡೆದರು. ಸಂಹಿತೆಯ ಆ ನಿಷೇಧ ಹೋದದ್ದು 1956ರಲ್ಲಿ.

ಸಾಬು 1944ರಲ್ಲಿ ಅಮೆರಿಕದ ಪೌರರಾದರು. ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್ ರಣರಂಗದಲ್ಲಿ ಹೋರಾಡಿ 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಪದಕ ಗಳಿಸಿದರು. ಯುದ್ಧ ಮುಗಿಸಿ ಬಂದವರಿಗೆ ಹಾಲಿವುಡ್ ಕೊಟ್ಟದ್ದು ಹೆಚ್ಚಾಗಿ ಮತ್ತದೇ ಕಾಡು, ಅದೇ ಮೃಗಗಳು. 1963ರಲ್ಲಿ, 39ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ತೆರೆಕಂಡ ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್'ನಲ್ಲೂ ಅವರದು ಪ್ರಾಣಿಗಳನ್ನು ಪಳಗಿಸುವ ಭಾರತೀಯನ ಪಾತ್ರ. ಆನೆಯೊಂದಿಗೆ ಒಳಗೆ ಬಂದವರು ಹುಲಿಯೊಂದಿಗೆ ಹೊರಗೆ ಹೋದರು.

ಗಡಿಯಾಚೆ ಕನ್ನಡ ಕಲಿಸುವ ನಮಗೆ ಇದು ದೂರದ ಮಾತಾಗಿ ಕಾಣುವುದಿಲ್ಲ. ಕಡಿಮೆ ಸಂಖ್ಯೆಯವರಿಗೆ ವೇದಿಕೆಯ ಮೇಲೆ ಜಾಗ ಸಿಕ್ಕಾಗ, ಹಾಡಿ ಕುಣಿದು ಇಳಿಯಲು ಮಾತ್ರವೋ, ಮೈಕಿನ ಮುಂದೆ ನಿಂತು ತಮ್ಮ ಮಾತು ಹೇಳಲೂ ಹೌದೋ ಎಂದು ಕೇಳಲೇಬೇಕು. 'ಜಂಗಲ್ ಬುಕ್' ಅನ್ನು ಮಕ್ಕಳಿಗೆ ತೋರಿಸುವ ಶಿಕ್ಷಕ ಬಂಧುಗಳು ಪಾತ್ರವರ್ಗದ ಪಟ್ಟಿಯನ್ನೂ ಓದಿಸಲಿ. ಮೋಗ್ಲಿಯ ಅಕ್ಕಪಕ್ಕ ಯಾರ ಹೆಸರಿದೆ ಎಂದು ಮಕ್ಕಳೇ ನೋಡಲಿ.