ಹರಿಗೋಲಿನಲ್ಲಿ ಕಲಿತ ಪಾಠ

ಮಾನ್ವಿಯಲ್ಲಿ ಹುಟ್ಟಿ, ದೇವದುರ್ಗಕ್ಕೆ ಸೊಸೆಯಾಗಿ ಹೋಗಿ, ರಾಯಚೂರಿನಲ್ಲಿ ಪಾಠ ಹೇಳುವ ನನಗೆ ಕೃಷ್ಣೆಯೇ ಸಮುದ್ರ. ಒಂದು ಭಾನುವಾರ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಅಕ್ಕ, ನಾನು ಆತ್ಕೂರಿನಿಂದ ಹರಿಗೋಲು ಹತ್ತಿದೆವು. ಹೊಳೆಯ ನಡುವಿನ ಕುರುವಪುರ, ಶ್ರೀಪಾದ ಶ್ರೀವಲ್ಲಭರು ನೆಲೆಸಿದ್ದ ನಡುಗಡ್ಡೆ. ದಡದಲ್ಲಿ ಬಲೆಗಳು ಒಣಗುತ್ತಿದ್ದವು. ನಡುನೀರಿನಲ್ಲಿ ಹರಿಗೋಲು ಗಿರ್ರನೆ ತಿರುಗಿತು. ನಾನು ಹೆದರಿ ಅಂಚು ಹಿಡಿದೆ.

“ತಿರುಗಲಿಲ್ಲಂದ್ರ ಮುಂದ ಹೋಗೂದಿಲ್ರೀ ಅಕ್ಕಾರ” ಎಂದು ಅಂಬಿಗ ಮುದುಕ ನಕ್ಕ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಪಾಯಸ್ ಇದನ್ನೇ ಬರೆದಿದ್ದಾನೆ. ಬುಟ್ಟಿಯಂಥ ದೋಣಿ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಕೂರಬಹುದು, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಎಂದು. ಈಗ ಚರ್ಮ ಹೋಗಿದೆ, ತಿರುಗುವುದು ಹೋಗಿಲ್ಲ.

ಅದೇ 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಹನಿಗೂ ಯುದ್ಧವಾಯಿತು. ಕೃಷ್ಣೆ ದಾಟಿ ಬಂದ ಬಿಜಾಪುರದ ಸೈನ್ಯ ಸೋತು, ಹಿಂದಿರುಗಿ ಅದೇ ಹೊಳೆಗೆ ಬಿತ್ತು. ಎಷ್ಟೋ ಜನ ನೀರುಪಾಲಾದರು.

ಈ ಪಾಠವನ್ನು ವರ್ಷವರ್ಷವೂ ಹೇಳಿದ್ದೇನೆ. ರಾಜರ ಹೆಸರು, ಇಸವಿ ಬಾಯಿಪಾಠ ಮಾಡಿಸಿದ್ದೇನೆ. ಈ ಹೊಳೆಯನ್ನು ಜನ ಹೇಗೆ ದಾಟುತ್ತಿದ್ದರು, ದಾಟಿಸುತ್ತಿದ್ದವರು ಯಾರು ಎಂಬ ಮಾತು ಒಮ್ಮೆಯೂ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಅಂಬಿಗರ ಹುಡುಗಿಯರು ಸುಮ್ಮನೆ ಕೂತು ಕೇಳುತ್ತಿದ್ದರು. ಅವರ ಮನೆಯ ಮಾತು ಆ ಪಾಠದಲ್ಲಿ ಬರಲೇ ಇಲ್ಲ ಎಂಬುದು ಮುದುಕನ ಹುಟ್ಟು ನೋಡಿದಾಗ ಹೊಳೆಯಿತು. ನಾಚಿಕೆಯಾಯಿತು.

ಮರುದಿನ ಕರಿಹಲಗೆಯ ಮೇಲೆ ಕೋಟೆಗಿಂತ ಮೊದಲು ಒಂದು ಹರಿಗೋಲು ಬರೆದೆ. ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.